ಎರಡು ಗಡಿಯಾರಗಳ ನಡುವಣ ಮೈಸೂರು

ಧನಗೆರೆ, ಸತ್ತೇಗಾಲಗಳ ಕಡೆಯಿಂದ ಕೊಳ್ಳೇಗಾಲದ ಮಾರ್ಗವಾಗಿ ಮೈಸೂರಿಗೆ ಬಂದಿಳಿದ ಪ್ರಯಾಣಿಕರು ದಾರಿಹೋಕರನ್ನು ತಡೆದು, “ಡಫರಿನ್ ಗೋಪುರ ಎಲ್ಲಿದೆ?” ಎಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. “ಚಿಕ್ಕ ಗಡಿಯಾರ ಎಲ್ಲಿ?” ಎಂದರೆ ಹೂ ಮಾರುವ ಹುಡುಗನೂ ಕೈ ಚಾಚಿ ತೋರಿಸಿಯಾನು. ಗೋಪುರ ಒಂದೇ, ಹೆಸರು ಎರಡು. ಒಂದು ಹೆಸರು ದೊರೆಗಳು ಇಟ್ಟದ್ದು, ಇನ್ನೊಂದು ಜನ ಇಟ್ಟದ್ದು. ದೊರೆಗಳ ಹೆಸರು ಚರಿತ್ರೆಯ ಪುಸ್ತಕವನ್ನು ಸೇರಿತು. ಜನರ ಹೆಸರು ಬೀದಿಯಲ್ಲಿ ಉಳಿಯಿತು.

ಅರಮನೆಯ ಉತ್ತರ ದ್ವಾರದಿಂದ ಹೊರಬಂದರೆ ಕಣ್ಣೆದುರಿಗೆ ಚಿನ್ನದ ಬಣ್ಣದ ಕಳಶ ಹೊತ್ತ ಮಂಟಪ, ಅದರೊಳಗೆ ಚಾಮರಾಜೇಂದ್ರ ಒಡೆಯರ ಅಮೃತಶಿಲೆಯ ವಿಗ್ರಹ. ಅಲ್ಲಿಂದ ಪೂರ್ವಕ್ಕೆ ದೊಡ್ಡ ಗಡಿಯಾರ, ಅದರ ಬಳಿಯಲ್ಲಿ ಪುರಭವನ. ಪಶ್ಚಿಮಕ್ಕೆ ಹೊರಳಿದರೆ ಕೃಷ್ಣರಾಜ ವೃತ್ತ. ಅದನ್ನು ದಾಟಿದರೆ ಚಿಕ್ಕ ಗಡಿಯಾರ, ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ. ಈ ಎರಡು ಗಡಿಯಾರಗಳ ನಡುವಣ ಅಂತರ ಹೆಚ್ಚೆಂದರೆ ಹತ್ತು ನಿಮಿಷದ ನಡಿಗೆ. ಮೈಸೂರಿನ ನೂರೈವತ್ತು ವರ್ಷಗಳ ಚರಿತ್ರೆ ಈ ಹತ್ತು ನಿಮಿಷಗಳಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಇಂದು ಆ ಚರಿತ್ರೆಯ ಎರಡು ಪುಟಗಳು ಹರಿಯುವ ಸ್ಥಿತಿಯಲ್ಲಿವೆ. ಆದಕಾರಣ ಈ ಚೌಕದ ಕಥೆಯನ್ನು ಮೊದಲಿನಿಂದ ನೆನೆಯುವುದು ಅಪ್ರಸ್ತುತವಾಗಲಾರದು.

ಕಾಲುವೆಯಿದ್ದಲ್ಲಿ ರಾಜಬೀದಿ

ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಲಾಯಿತು. ದಿವಾನ್ ಪೂರ್ಣಯ್ಯನವರು ಆಡಳಿತದ ಸೂತ್ರ ಹಿಡಿದರು. ರಾಜಧಾನಿ ಮರಳಿ ಮೈಸೂರಿಗೆ ಬಂದಿತು. ರಾಜಧಾನಿ ಬಂದರೆ ಸಾಲದು, ನೀರೂ ಬರಬೇಕಲ್ಲವೆ? ಕಾವೇರಿಯ ನೀರನ್ನು ಊರಿಗೆ ತರಬೇಕೆಂಬ ಹಂಬಲದಿಂದ ಪೂರ್ಣಯ್ಯನವರು ಒಂದು ಕಾಲುವೆ ತೋಡಿಸಿದರು. ಪ್ರಯತ್ನ ಕೈಗೂಡಲಿಲ್ಲ. ನೀರಿಲ್ಲದ ಆ ದೊಡ್ಡ ತೋಡು ‘ಪೂರ್ಣಯ್ಯನ ನಾಲೆ’ ಎಂಬ ಹೆಸರಿನಿಂದ ಊರ ನಡುವೆ ಬಹುಕಾಲ ಬಾಯ್ದೆರೆದುಕೊಂಡಿತ್ತು. ಮಳೆಗಾಲದಲ್ಲಿ ಕೊಳೆ, ಬೇಸಗೆಯಲ್ಲಿ ಧೂಳು. ಆರೋಗ್ಯಕ್ಕೆ ಅದು ಕಂಟಕವೇ ಆಯಿತು.

1831ರಿಂದ ಐವತ್ತು ವರ್ಷ ರಾಜ್ಯವು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1881ರ ಮಾರ್ಚ್ 25ರಂದು ಅದು ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಐವತ್ತು ವರ್ಷ ಕಾದು ಪಡೆದ ರಾಜ್ಯ. ‘ನಾವು ಆಳಬಲ್ಲೆವು’ ಎಂಬುದನ್ನು ಜಗತ್ತಿಗೆ ತೋರಿಸುವ ಹೊಣೆ ಅರಸರ ಮೇಲೆಯೂ ದಿವಾನರ ಮೇಲೆಯೂ ಬಿದ್ದಿತು. ಮಾರನೆಯ ವರ್ಷವೇ, 1882ರಲ್ಲಿ, ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿತು. ಅರಮನೆಯ ಕೋಟೆಯ ಹೊರಗೆ ಊರು ಹೊಸ ರೂಪ ತಾಳತೊಡಗಿತು.

ಆಗ ಪೂರ್ಣಯ್ಯನ ನಾಲೆಯನ್ನು ಮುಚ್ಚಿ ಅದರ ಮೇಲೆ ಅಗಲವಾದ ಬೀದಿಯೊಂದನ್ನು ಹಾಯಿಸಿದರು. ಬೀದಿಗೆ ಬರೋಡೆಯ ಮಹಾರಾಜರ ಹೆಸರಾಯಿತು. ಅದೇ ಸಯ್ಯಾಜಿರಾವ್ ರಸ್ತೆ. ನೀರು ಹರಿಯಲೆಂದು ತೋಡಿದ ಜಾಡಿನಲ್ಲಿ ಜನ ಹರಿದರು. ಇಂದು ವಿಜಯದಶಮಿಯ ದಿನ ಜಂಬೂಸವಾರಿಯನ್ನು ನೋಡಲು ಲಕ್ಷಾಂತರ ಜನ ಕಿಕ್ಕಿರಿದು ನಿಲ್ಲುವುದು ಈ ಮುಚ್ಚಿದ ನಾಲೆಯ ಅಂಚಿನಲ್ಲಿಯೇ ಎಂಬುದು ಎಷ್ಟು ಜನಕ್ಕೆ ಗೊತ್ತು?

ಅತಿಥಿಗಳು ಬಂದರು, ಕಟ್ಟಡಗಳು ಎದ್ದವು

ಹೊಸ ಚೌಕದ ಮೊದಲ ಹಿರಿಯ ಕಟ್ಟಡ ಮಾತ್ರ ಯಾವ ಅತಿಥಿಗಾಗಿಯೂ ಎದ್ದದ್ದಲ್ಲ. ಮರುಹಂಚಿಕೆಯಾದ ರಾಜ್ಯದ ಮೊದಲ ದಿವಾನರಾದ ಸಿ. ರಂಗಾಚಾರ್ಲು ಅವರು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಆ ವರ್ಷದ ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳು ಸೇರಿದರು. ದೇಶೀಯ ಸಂಸ್ಥಾನವೊಂದರಲ್ಲಿ ಪ್ರಜೆಗಳ ಕಷ್ಟಸುಖವನ್ನು ಕೇಳುವುದಕ್ಕಾಗಿ ಸಭೆ ಕರೆದದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. 1883ರಲ್ಲಿ ರಂಗಾಚಾರ್ಲು ತೀರಿಕೊಂಡರು. ಅವರ ನೆನಪಿಗಾಗಿ 1884ರ ಏಪ್ರಿಲ್ 1ರಂದು ಮಹಾರಾಜರು ಪುರಭವನದ ಅಸ್ತಿಭಾರ ಹಾಕಿದರು. ಪಾಶ್ಚಾತ್ಯ ಮಾದರಿಯ ಕಂಬಸಾಲು, ಎತ್ತರದ ಮುಖಮಂಟಪ, ವಿಶಾಲವಾದ ಒಳಾಂಗಣ. ಇಂದು ಅದರ ಮುಂದೆ ಡಾಕ್ಟರ್ ಅಂಬೇಡ್ಕರರ ವಿಗ್ರಹವಿದೆ. ಪ್ರಜೆಗಳ ಮಾತಿಗೆ ಕಿವಿಗೊಟ್ಟ ದಿವಾನರ ಸ್ಮಾರಕದೆದುರು ಸಂವಿಧಾನದ ಶಿಲ್ಪಿ ನಿಂತಿರುವುದು ಉಚಿತವಾಗಿಯೇ ಇದೆ.

ಮುಂದೆ ಅತಿಥಿಗಳ ಸರದಿ. 1886ರಲ್ಲಿ ವೈಸ್‌ರಾಯ್ ಲಾರ್ಡ್ ಡಫರಿನ್ ಮೈಸೂರಿಗೆ ಬಂದರು. ಅದರ ನೆನಪಿಗೆ ಗಡಿಯಾರದ ಗೋಪುರವೆದ್ದಿತು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬಂದರು. ಅರಮನೆಯ ಮುಂದಣ ರಸ್ತೆಗೆ ಅವರ ಹೆಸರಾಯಿತು. 1892ರಲ್ಲಿ ಲಾರ್ಡ್ ಲ್ಯಾನ್ಸ್‌ಡೌನ್ ಬಂದರು. ಅಂಗಡಿಗಳ ಉದ್ದನೆಯ ಸಾಲೊಂದು ಅವರ ಹೆಸರು ಹೊತ್ತಿತು. 1913ರಲ್ಲಿ ಲಾರ್ಡ್ ಹಾರ್ಡಿಂಜ್ ಬಂದಾಗ ಅರಮನೆಯ ಮತ್ತೊಂದು ಮೂಲೆಯ ವೃತ್ತ ‘ಹಾರ್ಡಿಂಜ್ ವೃತ್ತ’ವಾಯಿತು, ಸ್ವಾತಂತ್ರ್ಯಾನಂತರ ಅದು ಜಯಚಾಮರಾಜ ಒಡೆಯರ ವೃತ್ತವಾಯಿತು. ಮನೆಗೆ ಬಂದ ನೆಂಟರಿಗೆ ಫಲತಾಂಬೂಲ ಕೊಟ್ಟು ಕಳುಹಿಸುವುದು ನಮ್ಮ ಪದ್ಧತಿ. ಅರಸರ ಮನೆಯ ತಾಂಬೂಲ ಕಲ್ಲು, ಗಾರೆಗಳಲ್ಲಿ ಆಗುತ್ತಿತ್ತು, ಅಷ್ಟೆ!

ಈ ಔದಾರ್ಯದ ಹಿಂದೆ ಚಾತುರ್ಯವೂ ಇತ್ತು. ಹೆಸರು ಮಾತ್ರ ಅತಿಥಿಯದು, ಪ್ರಯೋಜನ ಊರಿನವರದು. ಡಫರಿನ್ನರ ಗೋಪುರದಿಂದ ಪೇಟೆಗೆ ಹೊತ್ತು ತಿಳಿಯಿತು. ಲ್ಯಾನ್ಸ್‌ಡೌನರ ಕಟ್ಟಡದಲ್ಲಿ ವ್ಯಾಪಾರಿಗಳಿಗೆ ಮಳಿಗೆ ದೊರೆಯಿತು. ಮುಂಭಾಗದ ಕಮಾನುಗಳ ಕೆಳಗೆ ಬಿಸಿಲಿಗೂ ಮಳೆಗೂ ಅಂಜದೆ ಜನ ಅಡ್ಡಾಡಿದರು. ವೈಸ್‌ರಾಯರು ಎರಡು ದಿನವಿದ್ದು ಹೋದರು. ನೆರಳು ಮಾತ್ರ ನೂರು ವರ್ಷ ನಿಂತಿತು.

ಘಳಿಗೆಯಿಂದ ಗಂಟೆಗೆ

ಚಿಕ್ಕ ಗಡಿಯಾರ ಏಳುವುದಕ್ಕೆ ಮುಂಚೆ ಮೈಸೂರಿನ ಜನ ಹೊತ್ತನ್ನು ಅಳೆಯುತ್ತಿದ್ದುದು ಘಳಿಗೆಯ ಲೆಕ್ಕದಲ್ಲಿ. ಹಗಲಿರುಳು ಸೇರಿ ಅರುವತ್ತು ಘಳಿಗೆ. ಒಂದು ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ತಳದಲ್ಲಿ ಸಣ್ಣ ರಂಧ್ರವಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವುದನ್ನು ಕಾಯುವುದೇ ಘಟಿಕಾಯಂತ್ರ. ಮದುವೆಯ ಲಗ್ನಕ್ಕೆ, ದೇವರ ಪೂಜೆಗೆ ಅಷ್ಟು ಸಾಕಾಗಿತ್ತು. ಆದರೆ ರೈಲು ಘಳಿಗೆಯನ್ನು ಕಾಯುವುದಿಲ್ಲ. ಕಚೇರಿ, ಶಾಲೆ, ಅಂಚೆ—ಇವೆಲ್ಲ ಗಂಟೆ ನಿಮಿಷಗಳ ಮಕ್ಕಳು. ಕೈಗಡಿಯಾರ ಸಿರಿವಂತರಿಗೂ ಅಪರೂಪವಾಗಿದ್ದ ಕಾಲದಲ್ಲಿ ಇಡೀ ಪೇಟೆಗೆ ಒಂದೇ ಗಡಿಯಾರವನ್ನು ಎತ್ತರದಲ್ಲಿ ತೂಗುಹಾಕಿದುದು ದೊಡ್ಡ ಸಾಮಾಜಿಕ ಬದಲಾವಣೆಯೇ ಸರಿ. ಬಡವನೂ ಬಲ್ಲಿದನೂ ಕತ್ತೆತ್ತಿ ನೋಡುವ ಹೊತ್ತು ಒಂದೇ ಆಯಿತು.

ನಲವತ್ತು ವರ್ಷಗಳು ಕಳೆದವು. ನಾಲ್ವಡಿ ಕೃಷ್ಣರಾಜ ಒಡೆಯರು ಪೂರ್ಣಾಧಿಕಾರ ವಹಿಸಿಕೊಂಡದ್ದು 1902ರ ಆಗಸ್ಟ್ 8ರಂದು. 1927ರಲ್ಲಿ ಆಳ್ವಿಕೆಗೆ ಇಪ್ಪತ್ತೈದು ತುಂಬಿದಾಗ ರಾಜ್ಯವೆಲ್ಲ ರಜತೋತ್ಸವವನ್ನು ಆಚರಿಸಿತು. ಆ ಸಂದರ್ಭದಲ್ಲಿ ಪುರಭವನದ ಬಳಿ ಎಪ್ಪತ್ತೈದು ಅಡಿ ಎತ್ತರದ ಮತ್ತೊಂದು ಗೋಪುರವೆದ್ದಿತು. ಅರಮನೆಯ ನೌಕರರು ತಮ್ಮ ದೊರೆಗೆ ಕಾಣಿಕೆಯಾಗಿ ವಂತಿಗೆ ಕೂಡಿಸಿ ಕಟ್ಟಿಸಿದ್ದು ಇದು. ಇದು ದೊಡ್ಡದಾದುದರಿಂದ ಹಳೆಯದು ತಾನಾಗಿ ‘ಚಿಕ್ಕ’ ಗಡಿಯಾರವಾಯಿತು.

ದೊಡ್ಡ ಗಡಿಯಾರದ ಶೈಲಿಯನ್ನು ಇಂಡೋ–ಸಾರ್ಸೆನಿಕ್ ಎಂದು ಕರೆಯುವುದು ವಾಡಿಕೆ. ಹಿಂದೂ, ಮುಸಲ್ಮಾನ, ರಜಪೂತ ಶೈಲಿಗಳ ಅಂಗಗಳನ್ನು ಪಾಶ್ಚಾತ್ಯ ಕಟ್ಟಡದ ಅಚ್ಚಿಗೆ ಹೊಂದಿಸಿದ ಬಗೆ ಅದು. ಸುಟ್ಟುಹೋದ ಹಳೆಯ ಅರಮನೆಯ ಸ್ಥಾನದಲ್ಲಿ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ 1912ರ ವೇಳೆಗೆ ಮುಗಿಸಿದ ಈಗಿನ ಅರಮನೆ ಆ ಶೈಲಿಯ ಮೇರು ಕೃತಿ. ಗೋಪುರದ ನೆತ್ತಿಯ ಗುಮ್ಮಟ, ಛತ್ರಿ, ಕಮಾನುಗಳು ಅರಮನೆಯ ಕುಲಕ್ಕೇ ಸೇರಿದವು. ದೊಡ್ಡಮನೆಯ ಮಗು ಬೀದಿಗೆ ಬಂದು ನಿಂತಂತಿದೆ.

ಆದರೆ ಶೈಲಿಗಿಂತಲೂ ಹೆಚ್ಚಾಗಿ ಗಮನಿಸಬೇಕಾದ ವಿಶೇಷವೊಂದು ಅಲ್ಲಿದೆ. ಗಡಿಯಾರದ ಮುಖದ ಮೇಲಿರುವುದು ಇಂಗ್ಲಿಷಿನ ಅಂಕಿಯೂ ಅಲ್ಲ, ರೋಮನ್ ಅಂಕಿಯೂ ಅಲ್ಲ, ಕನ್ನಡದ ಅಂಕಿ. ಒಂದರಿಂದ ಹನ್ನೆರಡರವರೆಗೆ ನಮ್ಮ ಬಳಪ, ಸ್ಲೇಟುಗಳ ಗುರುತಿನ ಅಂಕಿಗಳು ಎಪ್ಪತ್ತೈದು ಅಡಿ ಎತ್ತರದ ಗೋಪುರದಿಂದ ಕೆಳಗೆ ನೋಡುತ್ತಿವೆ. ಮೊದಲ ಗಡಿಯಾರ ಬಂದ ಅತಿಥಿಯ ಹೆಸರಿನದು. ಎರಡನೆಯದು ಊರಿನವರು ಕೊಟ್ಟದ್ದು, ಊರಿನ ಲಿಪಿಯಲ್ಲಿ ಹೊತ್ತನ್ನು ಹೇಳುವುದು. ಎರಡು ಗಡಿಯಾರಗಳ ನಡುವಣ ನಲವತ್ತು ವರ್ಷಗಳಲ್ಲಿ ಮೈಸೂರು ಎಷ್ಟು ದೂರ ನಡೆದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮೊದಮೊದಲು ಅದರ ಘಂಟಾನಾದ ಊರೆಲ್ಲ ಕೇಳುತ್ತಿತ್ತಂತೆ. ಘಂಟೆಯ ಅದಿರಿನಿಂದ ಗೋಪುರಕ್ಕೇ ಅಪಾಯವೆಂದು ಬಳಿಕ ಅದನ್ನು ನಿಲ್ಲಿಸಲಾಯಿತೆಂದು ಹೇಳುತ್ತಾರೆ.

ಕಾವೇರಿಯಿಂದ ಬಂದ ಬೆಳಕು

ಪೂರ್ಣಯ್ಯನವರ ಕಾಲುವೆಯಲ್ಲಿ ಬಾರದ ಕಾವೇರಿ ಬೇರೊಂದು ರೂಪದಲ್ಲಿ ಈ ಚೌಕಕ್ಕೆ ಬಂದಳು. ಧನಗೆರೆ, ಸತ್ತೇಗಾಲಗಳಿಗೆ ಸಮೀಪದಲ್ಲಿ ನದಿ ಎರಡಾಗಿ ಒಡೆದು ಶಿವನಸಮುದ್ರ ದ್ವೀಪವನ್ನು ಬಳಸಿ, ಒಂದು ಕಡೆ ಗಗನಚುಕ್ಕಿಯಾಗಿಯೂ ಇನ್ನೊಂದು ಕಡೆ ಭರಚುಕ್ಕಿಯಾಗಿಯೂ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ಧುಮುಕುವ ನೀರಿಗೆ ಯಂತ್ರ ಕಟ್ಟುವ ಯೋಜನೆ ಸಿದ್ಧವಾಯಿತು. 1902ರ ಜೂನ್ 30ರಂದು ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು, 1908ರಲ್ಲಿ ಮೈಸೂರಿಗೆ.

ಇಂದು ದಸರೆಯ ಇರುಳಿನಲ್ಲಿ ಅರಮನೆಯ ಸುಮಾರು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿದಾಗ ಚಾಮರಾಜ ವೃತ್ತದಲ್ಲಿ ನಿಂತ ಜನಸ್ತೋಮದಿಂದ “ಓ” ಎಂಬ ಉದ್ಗಾರ ಏಳುತ್ತದೆ. ಆ ಬೆಳಕಿನ ಮೊದಲ ತೊಟ್ಟು ಶಿವನಸಮುದ್ರದ ನೀರಿನದು. ವಿಚಿತ್ರವೆಂದರೆ, ಜಲಪಾತದ ದಕ್ಷಿಣದ ದಡದಲ್ಲಿದ್ದ ಕೊಳ್ಳೇಗಾಲದ ಸೀಮೆ ಆಗ ಮೈಸೂರಿಗೆ ಸೇರಿದ್ದೇ ಅಲ್ಲ. ಅದು ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅಲ್ಲಿಯ ಕನ್ನಡಿಗರಿಗೆ ಸರ್ಕಾರದ ಕೆಲಸಕ್ಕೆ ಜಿಲ್ಲಾ ಕಚೇರಿ ಕೊಯಮತ್ತೂರು. ಹಬ್ಬದ ಸೊಬಗಿಗೆ ಮಾತ್ರ ಮೈಸೂರು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳ ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ಜಿಲ್ಲೆಯನ್ನು ಸೇರಿತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಕನ್ನಡದ ಅಂಕಿಯ ಗಡಿಯಾರ ಹೊಳೆಯಾಚೆಯ ಕನ್ನಡಿಗರಿಗೂ ಸ್ವಂತದ್ದಾಗಲು ಇಪ್ಪತ್ತೊಂಬತ್ತು ವರ್ಷ ಕಾಯಬೇಕಾಯಿತು!

ಚೌಕದ ನಿಜವಾದ ಒಡೆಯರು

ಮಾರುಕಟ್ಟೆಯನ್ನು ನೋಡದೆ ಈ ಚೌಕದ ಸುತ್ತಾಟ ಮುಗಿಯುವಂತಿಲ್ಲ. ದೇವರಾಜ ಮಾರುಕಟ್ಟೆ ಚಿಕ್ಕ ಗಡಿಯಾರದ ಮಗ್ಗುಲಿನಲ್ಲಿ ತೊಡಗಿ ಉತ್ತರದ ಧನ್ವಂತರಿ ರಸ್ತೆಯವರೆಗೆ, ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಚಾಚಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೂಪುಗೊಂಡು ಅನಂತರ ಬೆಳೆದ ಕಟ್ಟಡ. ಹೊರಗಿನಿಂದ ನೋಡಿದರೆ ರಸ್ತೆಗೆ ಮುಖ ಮಾಡಿದ ಮಳಿಗೆಗಳ ಸಾಲು; ದ್ವಾರದ ಕಮಾನನ್ನು ದಾಟಿ ಒಳಗೆ ಹೊಕ್ಕರೆ ಬೇರೊಂದೇ ಲೋಕ.

ಅಲ್ಲಿ ಒಂದು ಓಣಿ ಹೂವಿನದು. ಮಾರಿನ ಲೆಕ್ಕದಲ್ಲಿ ಅಳೆದು ಕೊಡುವ ಮೈಸೂರು ಮಲ್ಲಿಗೆ. ಮತ್ತೊಂದು ಕಡೆ ಹಸಿರು ಕಟ್ಟುಗಳಾಗಿ ಅಡುಕಿದ ಚಿಗುರೆಲೆ. ಇನ್ನೊಂದು ಮಗ್ಗುಲಲ್ಲಿ ಗೊನೆಗೊನೆಯಾಗಿ ತೂಗುವ ನಂಜನಗೂಡಿನ ರಸಬಾಳೆ. ಈ ಮೂರಕ್ಕೂ ಈಗ ಭೌಗೋಳಿಕ ಗುರುತಿನ ಸರ್ಕಾರಿ ಮುದ್ರೆ ದೊರೆತಿದೆ. ಮೈಸೂರಿನ ಗೃಹಿಣಿಯರಾದರೋ ಮುದ್ರೆ ಬರುವುದಕ್ಕೆ ಎಷ್ಟೋ ಮುಂಚೆಯೇ ಮೂಸಿ, ಮುಟ್ಟಿ ಪ್ರಮಾಣಪತ್ರ ಕೊಟ್ಟಿದ್ದರು. ಶಂಕುವಿನಂತೆ ಏರಿಸಿದ ಕುಂಕುಮದ ರಾಶಿಗಳು, ಅರಿಸಿನ, ಗಂಧ, ಊದುಬತ್ತಿ. ಗೌರಿಹಬ್ಬದ ಬಾಗಿನಕ್ಕೆ ಮೊರ, ಸಂಕ್ರಾಂತಿಗೆ ಕಬ್ಬು, ಆಯುಧಪೂಜೆಗೆ ಬೂದುಗುಂಬಳ. ಪಂಚಾಂಗವನ್ನು ತೆರೆಯದೆಯೇ, ಮಾರುಕಟ್ಟೆಗೆ ಬಂದ ಸಾಮಗ್ರಿಯನ್ನು ನೋಡಿ ಮುಂದಿನ ಹಬ್ಬ ಯಾವುದೆಂದು ಹೇಳಬಹುದು.

ಲ್ಯಾನ್ಸ್‌ಡೌನ್ ಕಟ್ಟಡದ ಸೊಗಸು ಬೇರೆ. ಪಠ್ಯಪುಸ್ತಕ, ಹಳೆಯ ಪುಸ್ತಕಗಳ ಅಂಗಡಿಗಳಿಗೆ ಆ ನೆರೆ ಹೆಸರಾಗಿತ್ತು. ಜೂನ್ ತಿಂಗಳು ಬಂದಿತೆಂದರೆ ಮಕ್ಕಳ ಕೈಹಿಡಿದ ತಂದೆತಾಯಿಗಳು ಕಮಾನಿನ ಕೆಳಗೆ ಸಾಲುಗಟ್ಟುತ್ತಿದ್ದರು. ಅಣ್ಣ ಓದಿದ ಪುಸ್ತಕವನ್ನು ಮಾರಿ ಬಂದ ಹಣದಿಂದ ತಮ್ಮನ ಪುಸ್ತಕವನ್ನು ಕೊಂಡು ಹಿಂದಿರುಗಿದ ಸಂಸಾರಗಳು ಎಷ್ಟೋ! ವೈಸ್‌ರಾಯರ ಹೆಸರಿನ ಕಟ್ಟಡ ಹೀಗೆ ಮಧ್ಯಮವರ್ಗದ ವಿದ್ಯಾಮಂದಿರವಾಯಿತು.

ಅರಸರ ವಿಗ್ರಹಗಳೂ ಈ ಜನಜೀವನದಲ್ಲಿ ಬೆರೆತುಹೋಗಿವೆ. ನಾಲ್ವಡಿಯವರು 1940ರ ಆಗಸ್ಟ್ 3ರಂದು ಕಾಲವಾದರು. ಅನಂತರ ಅವರ ಬಿಳಿಯ ಅಮೃತಶಿಲೆಯ ವಿಗ್ರಹ ಕೃಷ್ಣರಾಜ ವೃತ್ತದ ಮಂಟಪದಲ್ಲಿ ನೆಲೆಗೊಂಡಿತು. ತಂದೆ ಚಾಮರಾಜ ವೃತ್ತದಲ್ಲಿ, ಮಗ ಕೃಷ್ಣರಾಜ ವೃತ್ತದಲ್ಲಿ. ನಡುವೆ ಕೂಗಳತೆಯ ದೂರ. ದಸರೆಯ ಮೆರವಣಿಗೆ ಅರಮನೆಯ ದ್ವಾರದಿಂದ ಹೊರಟು ಇಬ್ಬರ ಮುಂದೆಯೂ ಹಾದು, ಸಯ್ಯಾಜಿರಾವ್ ರಸ್ತೆಯನ್ನು ಹಿಡಿದು ಬನ್ನಿಮಂಟಪಕ್ಕೆ ಸಾಗುತ್ತದೆ. ಒಂದು ಕಾಲಕ್ಕೆ 750 ಕಿಲೋಗ್ರಾಂ ತೂಕದ ಆ ಚಿನ್ನದ ಅಂಬಾರಿಯಲ್ಲಿ ಮಹಾರಾಜರು ಕುಳಿತಿರುತ್ತಿದ್ದರು. ಈಗ ತಾಯಿ ಚಾಮುಂಡೇಶ್ವರಿಯ ಉತ್ಸವಮೂರ್ತಿ. ಅರಸೊತ್ತಿಗೆ ಹೋಯಿತು, ದೇವತೆ ಉಳಿದಳು, ಬೀದಿ ಉಳಿಯಿತು, ನೋಡುವ ಜನವೂ ಉಳಿದರು.

ಗಾರೆಯ ಗುಟ್ಟು

ಇಷ್ಟೆಲ್ಲ ವೈಭವವನ್ನು ಹೇಳಿದ ಮೇಲೆ ನೋವಿನ ಮಾತನ್ನೂ ಹೇಳಲೇಬೇಕು. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ವರು ಪ್ರಾಣ ಕಳೆದುಕೊಂಡರು. ಅಂಗಡಿಗಳನ್ನು ತೆರವು ಮಾಡಲಾಯಿತು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ಭಾಗ, ಜೀರ್ಣೋದ್ಧಾರದ ಕೆಲಸ ನಡೆಯುತ್ತಿದ್ದಾಗಲೇ, ಬಿದ್ದುಹೋಯಿತು. ಅಂದಿನಿಂದ ಊರಿನಲ್ಲಿ ಎರಡು ಮತಗಳು. ಎರಡನ್ನೂ ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವು ತಜ್ಞರು; ದುರಸ್ತಿಯಿಂದ ಉಳಿಸಿಕೊಳ್ಳಬಹುದೆಂದು ಕೆಲವರು. ವರದಿಗಳ ಮೇಲೆ ವರದಿಗಳಾದವು. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಹಳೆಯದಾಯಿತು, ಆದ್ದರಿಂದ ಬಿದ್ದಿತು ಎಂದು ಹೇಳುವುದು ಸುಲಭ. ಆದರೆ ಸಾವಿರ ವರ್ಷದ ದೇವಾಲಯಗಳಿರುವ ನಾಡಿನಲ್ಲಿ ನೂರಿಪ್ಪತ್ತು ವರ್ಷ ಮುಪ್ಪಲ್ಲ. ಇಟ್ಟಿಗೆ–ಗಾರೆಯ ಕಟ್ಟಡಗಳ ಸ್ವಭಾವವನ್ನು ಅರಿತರೆ ಬೇರೊಂದು ಸಂಗತಿ ಹೊಳೆಯುತ್ತದೆ. ಆ ಕಾಲದ ಕಟ್ಟಡಗಳಿಗೆ ಸಿಮೆಂಟಿಲ್ಲ. ಸುಟ್ಟ ಸುಣ್ಣಕ್ಕೆ ಮರಳನ್ನೂ ಇಟ್ಟಿಗೆಯ ಪುಡಿಯನ್ನೂ ಬೆರೆಸಿ, ಗಾಣದಲ್ಲಿ ಅರೆದು, ದಿನಗಟ್ಟಲೆ ಕೊಳೆಹಾಕಿ ಗಾರೆಯನ್ನು ಹದಗೊಳಿಸುತ್ತಿದ್ದರು. ಮಾಳಿಗೆಯ ಬಗೆಗೆ ‘ಮದ್ರಾಸ್ ತಾರಸಿ’ ಎಂದು ಹೆಸರು: ಗೋಡೆಯಿಂದ ಗೋಡೆಗೆ ಮರದ ತೊಲೆ, ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಿಂದ ಬೆಸೆಯುವುದು, ಅದರ ಮೇಲೆ ಸುಣ್ಣದ ಗಚ್ಚು. ಒಳಗೆ ತಂಪು, ನೋಡಲು ಅಂದ.

ಗಾರೆಗೆ ಒಂದು ಗುಣವುಂಟು, ಅದು ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಆದರೆ ಅದಕ್ಕೆ ಆರೈಕೆ ಬೇಕು. ಬಿರುಕನ್ನು ಬಿಟ್ಟಲ್ಲೇ ಮುಚ್ಚಬೇಕು, ದೋಣಿಯ ಕಸ ತೆಗೆಯಬೇಕು, ಗೋಡೆಯ ಸಂದಿಯಲ್ಲಿ ಬೇರುಬಿಟ್ಟ ಅರಳಿಯ ಸಸಿಯನ್ನು ಎಳೆಯದಿರುವಾಗಲೇ ಕೀಳಬೇಕು. ಅದನ್ನು ಮಾಡದೆ, ಸೋರಿದ ಕಡೆಯಲ್ಲೆಲ್ಲ ಮೇಲಿಂದ ಸಿಮೆಂಟು ಮೆತ್ತಿದರೆ ಗೋಡೆಯ ಉಸಿರು ಕಟ್ಟುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಹೊರಗೆ ಬರಲಾರದೆ ತೊಲೆಯ ತುದಿಯನ್ನು ತಿನ್ನುತ್ತದೆ. ತೊಲೆ ಗೋಡೆಯೊಳಗೆ ಹುದುಗಿರುವ ಕಡೆಯೇ ಕೊಳೆಯುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಒಂದು ದಿನ, ಹೆಚ್ಚಾಗಿ ಮಳೆಗಾಲದಲ್ಲಿ, ಎಲ್ಲವೂ ಒಮ್ಮೆಗೇ ಇಳಿಯುತ್ತದೆ. ಈ ಚೌಕದ ಎರಡು ಕುಸಿತಗಳೂ ಆಗಸ್ಟ್ ತಿಂಗಳಿನಲ್ಲಿಯೇ ನಡೆದವೆಂಬುದನ್ನು ಮರೆಯಬಾರದು.

ಹಾಗೆಂದು ಕಟ್ಟಡದ ಮೇಲಿನ ಮೋಹದಿಂದ ಜನರ ಪ್ರಾಣವನ್ನು ಪಣವಿಡಬೇಕೆಂದು ಯಾರೂ ಹೇಳಲಾರರು. ಅಳಿದ ನಾಲ್ಕು ಜೀವಗಳ ಮುಂದೆ ಕಮಾನಿನ ಸೊಬಗು ದೊಡ್ಡದಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೆ: ಆ ಸ್ಥಳದಲ್ಲಿ ಮುಂದೆ ನಿಲ್ಲುವುದು ಯಾವುದು? ಅದು ಯಾರಿಗಾಗಿ?

ವೆನಿಸ್ಸಿನ ಗೋಪುರ, ದೆಹಲಿಯ ಗಡಿಯಾರ

ಇಂತಹ ಪ್ರಶ್ನೆಯನ್ನು ಬೇರೆ ಊರುಗಳೂ ಎದುರಿಸಿವೆ. ಇಟಲಿಯ ವೆನಿಸ್ ನಗರದ ಸಂತ ಮಾರ್ಕನ ಚೌಕದಲ್ಲಿ ಶತಮಾನಗಳಿಂದ ನಿಂತಿದ್ದ ಘಂಟಾಗೋಪುರ 1902ರ ಜುಲೈ 14ರ ಬೆಳಿಗ್ಗೆ ಸಂಪೂರ್ಣವಾಗಿ ಕುಸಿಯಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ಹೊಸ ಕಾಲಕ್ಕೆ ಹೊಸ ಗೋಪುರ ಬೇಕೆಂದವರು ಅಲ್ಲಿಯೂ ಇದ್ದರು. ಆದರೆ ಊರು ಮಾಡಿದ ನಿರ್ಧಾರ ಸ್ಪಷ್ಟವಾಗಿತ್ತು: ಎಲ್ಲಿತ್ತೋ ಅಲ್ಲಿ, ಹೇಗಿತ್ತೋ ಹಾಗೆ. ಹತ್ತು ವರ್ಷ ದುಡಿದು, ತಳಪಾಯವನ್ನು ಭದ್ರಪಡಿಸಿ, 1912ರ ಏಪ್ರಿಲ್ 25ರಂದು ಅದೇ ಗೋಪುರವನ್ನು ಮತ್ತೆ ಎತ್ತಿ ನಿಲ್ಲಿಸಿದರು. ನಮ್ಮ ಅರಮನೆ ಪೂರ್ಣಗೊಂಡ ವರ್ಷವೂ ಅದೇ.

ದೆಹಲಿಯ ಕಥೆ ಬೇರೆ. ಚಾಂದನಿ ಚೌಕದ ನಡುವೆ ಬ್ರಿಟಿಷರ ಕಾಲದ ಎತ್ತರವಾದ ಗಡಿಯಾರದ ಗೋಪುರವೊಂದಿತ್ತು. 1950ರ ದಶಕದ ಆರಂಭದಲ್ಲಿ ಅದರ ಮೇಲ್ಭಾಗ ಮುರಿದು ಬಿದ್ದು ಪ್ರಾಣಹಾನಿಯಾಯಿತು. ಉಳಿದುದನ್ನು ಕೆಡವಿದರು, ಮತ್ತೆ ಕಟ್ಟಲಿಲ್ಲ. ಆದರೂ ಆ ಸ್ಥಳವನ್ನು ಜನ ಇಂದಿಗೂ ‘ಘಂಟಾಘರ್’ ಎಂದೇ ಕರೆಯುತ್ತಾರೆ. ಗಡಿಯಾರವಿಲ್ಲದ ಗಡಿಯಾರದ ಬೀದಿ! ಹೆಸರು ಉಳಿದು ವಸ್ತು ಹೋದ ಊರು ಅದು. ಮೈಸೂರಿನಲ್ಲಿ ದೊರೆಗಳಿಟ್ಟ ಹೆಸರು ಹೋಗಿ ವಸ್ತು ಉಳಿದಿದೆ. ಎರಡರಲ್ಲಿ ನಮ್ಮ ಭಾಗ್ಯವೇ ದೊಡ್ಡದೆನ್ನಬೇಕು. ಅದನ್ನು ಕಳೆದುಕೊಳ್ಳದಿರುವ ಹೊಣೆಯೂ ನಮ್ಮದೇ.

ವೆನಿಸ್ಸಿನವರಿಗೆ ಗೋಪುರದ ಆಕಾರ ಮುಖ್ಯವಾಗಿತ್ತು. ನಮ್ಮ ಚೌಕಕ್ಕೆ ಆಕಾರದ ಜೊತೆಗೆ ಇನ್ನೊಂದೂ ಬೇಕು. ಅದು ಒಳಗಿನ ಬಾಳು. ಹಳೆಯ ಮುಖವನ್ನೇ ಹೋಲುವ ಹೊಸ ಕಟ್ಟಡವೆದ್ದು, ಒಳಗೆ ಹೂವಾಡಗಿತ್ತಿಗೆ ಎಟುಕದ ಬಾಡಿಗೆಯಾದರೆ ಅದು ದೇವರಾಜ ಮಾರುಕಟ್ಟೆಯಾಗಲಾರದು. ಕಮಾನುಗಳೆಲ್ಲ ನೆಟ್ಟಗೆ ನಿಂತು, ಅವುಗಳ ಕೆಳಗೆ ಹಳೆಯ ಪುಸ್ತಕ ಸಿಕ್ಕದೆ ಹೋದರೆ ಲ್ಯಾನ್ಸ್‌ಡೌನ್ ಕಟ್ಟಡ ಹಿಂದಿರುಗಿತೆಂದು ಹೇಳುವಂತಿಲ್ಲ. ಉಳಿಸುವವರೂ ಕೆಡವುವವರೂ ಮೊದಲು ಎಣಿಸಬೇಕಾದುದು ಕಂಬಗಳ ಜೊತೆಗೆ ಕಸುಬುಗಳನ್ನು.

ಈ ದಸರೆಗೆ ಮೈಸೂರಿಗೆ ಹೋಗುವ ವಾಚಕರು ಅರಮನೆಯ ದೀಪ ನೋಡಿ ಹಿಂದಿರುಗದೆ, ಬೆಳಗಿನ ಹೊತ್ತು ಒಮ್ಮೆ ಚಾಮರಾಜ ವೃತ್ತದಿಂದ ನಡೆದು ಬರಬೇಕು. ದೊಡ್ಡ ಗಡಿಯಾರದ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಮೇಲಿರುವ ಅಂಕಿಗಳನ್ನು ಓದಿಸಬೇಕು. ಇಂಗ್ಲಿಷ್ ಅಂಕಿಯ ಪರಿಚಯವೇ ಹೆಚ್ಚಾಗಿರುವ ಈಗಿನ ಮಕ್ಕಳು ಏಳು ಯಾವುದು, ಎಂಟು ಯಾವುದು ಎಂದು ತಡವರಿಸಬಹುದು. ಹೇಳಿಕೊಡುವುದು ಹಿರಿಯರ ಕೆಲಸ. ಆಮೇಲೆ ಕೃಷ್ಣರಾಜ ವೃತ್ತವನ್ನು ದಾಟಿ, ಚಿಕ್ಕ ಗಡಿಯಾರವನ್ನು ಬಳಸಿ, ಹೂವಿನ ಓಣಿಗೆ ಹೊಕ್ಕು ಒಂದು ಮಾರು ಮಲ್ಲಿಗೆ ಕೊಳ್ಳಬೇಕು. ಚೌಕವೊಂದು ಬದುಕಿರುವುದು ಅಂಥ ಸಣ್ಣ ವ್ಯಾಪಾರಗಳಿಂದಲೇ.